ಯಂಕಂಚಿಯ ಹಗೇವಿನಲ್ಲಿದ್ದ ಮೂರು ಬಾಟಲಿ ಪೋರ್ಟ್ ವೈನ್ ಬಗ್ಗೆ ಶಂಕರೆಪ್ಪ ಕೋರವಾರ ಕೊಟ್ಟ ಹೇಳಿಕೆ

ನನ್ನ ಹೆಸರು ಶಂಕರೆಪ್ಪ ತಂದೆ ಚನಮಲ್ಲಪ್ಪ ಕೋರವಾರ, ವಯಸ್ಸು 68 ವರ್ಷ, ಉದ್ಯೋಗ: ನಿವೃತ್ತ ಸರ್ಕಾರಿ ಬಸ್ ಚಾಲಕ, ಸಾ: ನೀರಿನ ಟಾಕಿಯ ಹಿಂದೆ, ಬಸವನ ಬಾಗೇವಾಡಿ. ಇಂದು ದಿನಾಂಕ 14-12-2024 ರಂದು ಮಧ್ಯಾಹ್ನ 12-20 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ,

ಇಂದು ಮುಂಜಾನೆ ಬಸ್ ನಿಲ್ದಾಣದಲ್ಲಿ ಇಸಾಕ ತಂದೆ ಖಾಜಾಸಾಬ ನದಾಫ, ವಯಸ್ಸು 66, ಸಾ: ಯಂಕಂಚಿ, ತಾ: ಸಿಂದಗಿ, ಇವರ ಚೀಲದಲ್ಲಿ ಸಿಕ್ಕ ಮೂರು ಬಾಟಲಿಗಳು ನನ್ನವು. ಅವರಿಗೆ ಅದರಲ್ಲಿ ಯಾವ ಪಾಲೂ ಇಲ್ಲ. ಅವು ಅವರ ಕೈಗೆ ಹೇಗೆ ಬಂದವು ಅಂತಾ ಹೇಳಬೇಕಾದರೆ ಹಿಂದಿನಿಂದ ಹೇಳಬೇಕಾಗುತ್ತದೆ. ಪಿ.ಎಸ್.ಐ. ಸಾಹೇಬರು ಹೇಳಿರಿ ಅಂತಾ ಅಂದಿದ್ದರಿಂದ ಹೇಳುತ್ತಿದ್ದೇನೆ.

1988ರಿಂದ 1995ರವರೆಗೆ ನಾನು ಬಸವನ ಬಾಗೇವಾಡಿ–ಪಣಜಿ ಬಸ್ಸಿನ ಚಾಲಕನಾಗಿದ್ದೆನು. ಇಸಾಕ ಅದೇ ಬಸ್ಸಿನ ಕಂಡಕ್ಟರ್ ಆಗಿದ್ದನು. ಮುಂಜಾನೆ 6-15ಕ್ಕೆ ಇಲ್ಲಿಂದ ಬಿಟ್ಟು ಬೆಳಗಾವಿ, ಲೋಂಡಾ ದಾಟಿ, ಅನಮೋಡ ಘಾಟ ಇಳಿದು ಸಂಜೆ 5-30ರ ಸುಮಾರಿಗೆ ಪಣಜಿ ಮುಟ್ಟುತ್ತಿದ್ದೆವು. ಅಲ್ಲಿ ನಿಲ್ದಾಣದಿಂದ ಅಂದಾಜು 400 ಮೀಟರ್ ದೂರದಲ್ಲಿ ಕ್ಲಾರಾ ಬಾಯಿ ಅನ್ನುವ ವಯಸ್ಸಾದ ವಿಧವೆಯ ಮನೆ ಇತ್ತು. ಅವರು ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. 1989ರ ಬೇಸಿಗೆಯಲ್ಲಿ ಒಂದು ದಿವಸ ಅವರು ಬಸ್ಸಿನ ಬೋರ್ಡ್ ನೋಡಿ, ನಿಮ್ಮ ಕಡೆಯ ಇಂಡಿ ಲಿಂಬೆಹಣ್ಣು ಸಿಗಬಹುದೇ ಅಂತಾ ಇಸಾಕನನ್ನು ಕೇಳಿದರು. ಇಸಾಕ ಮುಂದಿನ ಟ್ರಿಪ್ಪಿಗೆ ಒಂದು ಕೈಚೀಲ ತುಂಬ ತಂದುಕೊಟ್ಟನು. ಅಲ್ಲಿಂದ ನಾಲ್ಕು ವರ್ಷ ವಾರಕ್ಕೊಮ್ಮೆ ಅವರ ಮನೆಗೆ ಲಿಂಬೆಹಣ್ಣು ಹೋದವು. ಅವರು ನಮಗೆ ಚಹಾ ಮತ್ತು ತಾವೇ ಮಾಡಿದ ಕೇಕ್ ಕೊಡುತ್ತಿದ್ದರು. ನಮ್ಮ ಮೂವರಿಗೂ ಸರಿಯಾಗಿ ಹಿಂದಿ ಬರುತ್ತಿರಲಿಲ್ಲ, ಆದರೂ ಮಾತು ನಿಲ್ಲುತ್ತಿರಲಿಲ್ಲ.

ದಿನಾಂಕ 18-04-1993 ರವಿವಾರ ಮುಂಜಾನೆ 7-00 ಗಂಟೆಗೆ ನಾವು ವಾಪಸ್ ಬಿಡುವುದಕ್ಕಿಂತ ಮೊದಲು ಕ್ಲಾರಾ ಬಾಯಿ ಇಬ್ಬರನ್ನೂ ಮನೆಗೆ ಕರೆಯಿಸಿದರು. ಅವರು ಮನೆ ಮುಚ್ಚಿ ಪುಣೆಯ ತಂಗಿಯ ಹತ್ತಿರ ಹೋಗುವವರಿದ್ದರು. ಮಹಡಿ ಮೆಟ್ಟಿಲಿನ ಕೆಳಗಿನ ಕತ್ತಲೆ ಕೋಣೆಯಿಂದ ಕಟ್ಟಿಗೆಯ ಒಂದು ಪೆಟ್ಟಿಗೆಯನ್ನು ತೆಗೆಯಿಸಿದರು. ಅದರ ಮೇಲೆ 1955 ಅಂತಾ ಸುಟ್ಟು ಬರೆದಿತ್ತು. ಒಳಗೆ ಹುಲ್ಲಿನ ನಡುವೆ ಹನ್ನೆರಡು ಬಾಟಲಿ ಮಲಗಿದ್ದವು. ಪೋರ್ಟುಗಲ್ಲಿನಿಂದ ಬಂದ ಪೋರ್ಟ್ ವೈನ್, ನನ್ನ ಗಂಡ ಮದುವೆಯಾದ ವರ್ಷ ತರಿಸಿಟ್ಟಿದ್ದು, ಮಕ್ಕಳಾದಾಗ ಒಡೆಯೋಣ ಅಂದಿದ್ದ, ಮಕ್ಕಳಾಗಲಿಲ್ಲ ಅಂತಾ ಹೇಳಿದರು. ಬೆಳಕು ಮತ್ತು ಸೆಕೆ ತಾಗದ ಕಡೆ ಮಲಗಿಸಿ ಇಡಬೇಕು, ತೆಗೆಯುವ ಹಿಂದಿನ ದಿವಸ ನಿಲ್ಲಿಸಬೇಕು, ತಳದ ಗಸಿ ಬಾರದಂತೆ ಬಟ್ಟೆಯಲ್ಲಿ ಸೋಸಬೇಕು, ಒಬ್ಬರೇ ಕುಳಿತು ಕುಡಿಯಬಾರದು, ತೆಗೆದ ಬಾಟಲಿಯನ್ನು ಕೂಡಿದವರೆಲ್ಲ ಹಂಚಿಕೊಂಡು ಮುಗಿಸಬೇಕು ಅಂತಾ ಹೇಳಿಕೊಟ್ಟರು. ಇಸಾಕ ಶಂಕರಣ್ಣನ ಹೆಸರಿಗೇ ಇರಲಿ ಅಂದಿದ್ದರಿಂದ, ತಮ್ಮ ಖುಷಿಯಿಂದ ಕೊಟ್ಟಿರುವುದಾಗಿ ಇಂಗ್ಲಿಷಿನಲ್ಲಿ ಒಂದು ಚೀಟಿಯನ್ನೂ ನನ್ನ ಹೆಸರಿಗೆ ಬರೆದುಕೊಟ್ಟರು. ಆ ಚೀಟಿಯನ್ನು ಇಂದು ಹಾಜರುಪಡಿಸಿದ್ದೇನೆ.

ಪೆಟ್ಟಿಗೆಯನ್ನು ಮೊದಲು ನನ್ನ ಸೀಟಿನ ಹತ್ತಿರ ಇಟ್ಟಿದ್ದೆನು. ಇಂಜಿನ್ ಕಾವು ಬಡಿಯುತ್ತದೆ ಅಂತಾ ಇಸಾಕ ಅದನ್ನು ಹಿಂದಿನ ಸೀಟಿನ ಕೆಳಗೆ ಒಯ್ದು ಹಸಿ ಗೋಣಿಚೀಲ ಹೊದಿಸಿದನು. ಬಾಟಲಿ ಅಲುಗಬಾರದು ಅಂತಾ ನಾನು ಘಾಟಿನಲ್ಲಿ ಬಸ್ಸನ್ನು ಎತ್ತಿನ ಗಾಡಿಯಂತೆ ಹತ್ತಿಸಿದೆನು. ಬಾಗೇವಾಡಿ ಮುಟ್ಟಲು 40 ಮಿನಿಟು ತಡವಾಯಿತು. ಡಿಪೋದಲ್ಲಿ ಪಂಕ್ಚರ್ ಅಂತಾ ಬರೆಸಿದೆನು. ಅದು ಸುಳ್ಳು. ಗೋವಾದಿಂದ ತರಲು ಪರವಾನಗಿ ಬೇಕು ಅನ್ನುವುದೂ ಆಗ ನಮ್ಮ ತಲೆಗೆ ಬರಲಿಲ್ಲ. ಅದಕ್ಕೆ ಏನು ಕ್ರಮವಿದ್ದರೂ ನನ್ನ ಮೇಲೆ ಆಗಲಿ.

ಆಗ ನಾನಿದ್ದ ಬಾಡಿಗೆ ಮನೆಗೆ ತಗಡಿನ ಚಾವಣಿ ಇತ್ತು. ಏಪ್ರಿಲ್‌ನಲ್ಲಿ ಒಳಗೆ ಕೂಡ್ರಲಾಗುತ್ತಿರಲಿಲ್ಲ. ಯಂಕಂಚಿಯಲ್ಲಿ ಇಸಾಕನ ಮನೆಯ ಹಿತ್ತಲಿನಲ್ಲಿ ಅವನ ಅಜ್ಜನ ಕಾಲದ ಹಗೇವು, ಅಂದರೆ ನೆಲದೊಳಗಿನ ಕಾಳಿನ ಕುಣಿ, ಇತ್ತು. ಜೋಳ ತುಂಬುವುದನ್ನು ಬಿಟ್ಟು ಹತ್ತು ವರ್ಷ ಆಗಿತ್ತು. ನೆಲದಿಂದ ಒಂಬತ್ತು ಅಡಿ ಕೆಳಗೆ ಇದ್ದು, ಬೇಸಿಗೆ ಚಳಿಗಾಲ ಎರಡರಲ್ಲೂ ಒಂದೇ ತಂಪು ಇರುತ್ತಿತ್ತು. ಪೆಟ್ಟಿಗೆಯನ್ನು ಅದರಲ್ಲಿ ಇಳಿಸಿದೆವು. ಮಣ್ಣಿನ ತೇವಕ್ಕೆ ಮೇಲಿನ ಕಾಗದಗಳು ಕೊಳೆತು ಉದುರಿದವು. ಈ ಬಾಟಲಿಗಳ ಮೇಲೆ ಲೇಬಲ್ ಇಲ್ಲದಿರಲು ಅದೇ ಕಾರಣ.

ಮೊದಲನೆಯ ಬಾಟಲಿಯನ್ನು 1994ರ ಸಂಕ್ರಾಂತಿಯ ಮರುದಿನ ಇಂಡಿ ತಾಲೂಕಿನ ಅಗರಖೇಡದಲ್ಲಿ, ನನ್ನ ಹೆಂಡತಿ ಲಕ್ಕವ್ವಳ ತವರಿನ ಹೊಲದಲ್ಲಿ ತೆಗೆದೆವು. ನಾನು, ಲಕ್ಕವ್ವ, ಇಸಾಕ ಮತ್ತು ಡಿಪೋದ ಮೆಕ್ಯಾನಿಕ್ ಗುರಣ್ಣ, ಸಾ: ಮುದ್ದೇಬಿಹಾಳ, ಹೀಗೆ ನಾಲ್ಕು ಜನ ಇದ್ದೆವು. ಮಧ್ಯಾಹ್ನ ಊಟ ಮುಗಿಸಿ 1-30ಕ್ಕೆ ಕುಳಿತೆವು. ಬೂಚು ಅರ್ಧಕ್ಕೆ ಮುರಿಯಿತು. ಗುರಣ್ಣ ಇಂಜಿನ್ ಬಿಚ್ಚುವವನಂತೆ ಬೆವರು ಒರೆಸಿಕೊಳ್ಳುತ್ತ ಇಕ್ಕಳದಿಂದ ಚೂರು ಚೂರು ತೆಗೆದನು. ಲಕ್ಕವ್ವ ತನ್ನ ಹೊಸ ಮಲ್ಮಲ್ ಬಟ್ಟೆಯಲ್ಲಿ ತಾಮ್ರದ ತಂಬಿಗೆಗೆ ಸೋಸಿದಳು. ಬಣ್ಣ ನೇರಳೆಹಣ್ಣಿನ ರಸದಂತಿತ್ತು. ಒಣ ಅಂಜೂರ, ಜೋನಿ ಬೆಲ್ಲ ಮತ್ತು ಹಳೆಯ ಕಟ್ಟಿಗೆಯ ವಾಸನೆ ಕೂಡಿ ಬಂತು. ಚಹಾ ಲೋಟದಲ್ಲಿ ಎರಡೆರಡು ಬೆರಳು ಹಾಕಿಕೊಂಡೆವು.

ಲಕ್ಕವ್ವ ಕುಡಿಯುತ್ತಾಳೆ ಅಂತಾ ನಾನು ತಿಳಿದಿರಲಿಲ್ಲ. ಅವಳೇ ಲೋಟ ಮುಂದೆ ಹಿಡಿದು, ಸೋಸಿದಾಕಿಗೆ ಇಲ್ಲೇನ್ರಿ ಅಂತಾ ಕೇಳಿದಳು. ಒಂದು ಗುಟುಕು ಕುಡಿದು, ಶೇಂಗಾ ಹೋಳಿಗೆ ಮುರಿದು ಬಾಯಲ್ಲಿ ಹಾಕಿಕೊಂಡು ಸಾವಕಾಶ ಅಗಿದಳು. ನಂತರ ನಮಗೂ ಹೋಳಿಗೆ ಕೊಟ್ಟು, ಇದರ ಕೂಡ ತಿನ್ರಿ, ಬ್ಯಾರೇನ ಆಗ್ತೈತಿ ಅಂತಾ ಹೇಳಿದಳು. ಅವಳು ಹೇಳಿದ್ದು ಖರೆ ಇತ್ತು. ಬೇರೆ ದಿವಸ ಎರಡು ಪೆಗ್ ಹಾಕಿದರೆ ಜಗಳ ತೆಗೆಯುತ್ತಿದ್ದ ಗುರಣ್ಣ ಆವತ್ತು ತನ್ನ ಸತ್ತ ತಾಯಿಯ ಕೈ ಅಡಿಗೆಯ ವಿಷಯ ಹೇಳಿದನು. ಯಾರಿಗೂ ನಶೆ ಆಗಲಿಲ್ಲ. ಭೀಮಾ ನದಿಯ ಕಡೆಯ ಗಾಳಿ ತಣ್ಣಗೆ ಆಗುವವರೆಗೆ, ಅಂದರೆ ಸಂಜೆ 5-00ರವರೆಗೆ ಕುಳಿತಿದ್ದೆವು.

ಅಲ್ಲಿಂದ ಎರಡು ಮೂರು ವರ್ಷಕ್ಕೆ ಒಂದರಂತೆ, ಅದೇ ಹೊಲದಲ್ಲಿ, ಅದೇ ಹೋಳಿಗೆಯ ಜೊತೆ ಬಾಟಲಿ ತೆಗೆಯುತ್ತಿದ್ದೆವು. ಪ್ರತಿ ಸಲ ಬಣ್ಣ ಸ್ವಲ್ಪ ತಿಳಿಯಾಗಿ ಇಟ್ಟಂಗಿಯ ಕಡೆ ತಿರುಗುತ್ತಿತ್ತು. ರುಚಿ ಮೆತ್ತಗಾಗುತ್ತಿತ್ತು. ನಾವೂ ಹಂಗ ಆಗಾಕತ್ತೇವಿ ಅಂತಾ ಗುರಣ್ಣ ಅನ್ನುತ್ತಿದ್ದನು.

1999ರಲ್ಲಿ ಇಸಾಕನ ತಂದೆ ತೀರಿಕೊಂಡರು. ಆಮೇಲೆ ಅವನು ಐದು ಹೊತ್ತಿನ ನಮಾಜು ಹಿಡಿದನು. ಮದ್ಯ ಮುಟ್ಟುವುದನ್ನು ಪೂರ್ತಿ ಬಿಟ್ಟನು. ಬಾಟಲಿಗಳನ್ನು ಬೇರೆ ಕಡೆ ಒಯ್ಯುತ್ತೇನೆ ಅಂತಾ ನಾನು ಹೇಳಿದೆನು. ಅವನ ಹೆಂಡತಿ ಪೀರಬಿಯೂ ಒಯ್ದರೆ ಛಲೋ ಅಂತಾ ಹೇಳಿದಳು. ಇಸಾಕ ಒಪ್ಪಲಿಲ್ಲ. ಅದು ಅಮಾನತ ಐತಿ, ಒಪ್ಪಿಸಿದವರಿಗೆ ಒಪ್ಪಿಸೂ ತನಕ ಕಾಯೂದು ನನ್ನ ಕೆಲಸ ಅಂತಾ ಹೇಳಿದನು. ಆಮೇಲೂ ಅವನು ಅಗರಖೇಡಕ್ಕೆ ತಪ್ಪದೆ ಬಂದು, ಲಿಂಬೆ ಶರಬತ್ತು ಹಿಡಿದುಕೊಂಡು ನಮ್ಮ ಜೊತೆ ಕುಳಿತುಕೊಳ್ಳುತ್ತಿದ್ದನು.

2006ರಲ್ಲಿ ಲಕ್ಕವ್ವ ಇಲ್ಲಿಯ ಮಹಿಳಾ ಸಂಘದ ಅಧ್ಯಕ್ಷಳಾಗಿದ್ದಳು. ನಮ್ಮ ಓಣಿಯ ಸಾರಾಯಿ ಅಂಗಡಿಯ ಮುಂದೆ ಹೆಣ್ಣುಮಕ್ಕಳನ್ನು ಕರೆದುಕೊಂಡು 23 ದಿವಸ ಕುಳಿತು ಅದನ್ನು ಮುಚ್ಚಿಸಿದಳು. ಆ ಅಂಗಡಿಯಿಂದ ಎಷ್ಟು ಮನೆ ಹಾಳಾಗಿದ್ದವು ಅನ್ನುವುದನ್ನು ಊರಿಗೆ ಊರೇ ನೋಡಿದೆ. ಅದು ಮುಗಿದ ವಾರದಲ್ಲಿ ಅವಳು ನನಗೂ ಇಸಾಕನಿಗೂ, ಇನ್ನ ಮ್ಯಾಲ ನಾ ಕುಡಿಯೂದಿಲ್ಲ, ಕುಡಿದಿದ್ದೂ ಯಾರ ಮುಂದೂ ಬರಬಾರದು, ನಮ್ಮ ಸುನಂದಾಗಂತೂ ಗೊತ್ತಾಗಬಾರದು ಅಂತಾ ಹೇಳಿದಳು. ಅಣ್ಣನ ಹೆಂಡತಿಯೆಂದು ಅವಳನ್ನು ವೈನಿ ಅನ್ನುತ್ತಿದ್ದ ಇಸಾಕ, ವೈನಿ, ನನ್ನ ಬಾಯಿಂದ ಬರೂದಿಲ್ಲ ಅಂತಾ ಮಾತು ಕೊಟ್ಟನು. ಸುನಂದಾ ನಮ್ಮ ಒಬ್ಬಳೇ ಮಗಳು. ಈಗ ಅದೇ ಸಂಘದ ಅಧ್ಯಕ್ಷಳಿದ್ದಾಳೆ. ಸಂಘದ ಕೋಣೆಯಲ್ಲಿ ಅವಳ ತಾಯಿಯ ಫೋಟೋ ಇದೆ.

ಗುರಣ್ಣ 2018ರಲ್ಲಿ ತೀರಿಕೊಂಡನು. 2020ರ ಕೊನೆಗೆ ಲಕ್ಕವ್ವಳಿಗೆ ಗಂಟಲಿನ ಕಾಯಿಲೆ ಹೆಚ್ಚಾಯಿತು. ಗಂಜಿಯೂ ಇಳಿಯುತ್ತಿರಲಿಲ್ಲ. ದಿನಾಂಕ 11-02-2021 ರಂದು ಮುಂಜಾನೆ ಅವಳು ಅಗರಖೇಡದ್ದು ಒಂದು ಸಲ ಬೇಕು ಅಂತಾ ಕೇಳಿದಳು. ನನಗೆ ತಿಳಿಯಿತು. ಇಸಾಕ ಮರುದಿನ 10-30ಕ್ಕೆ ಒಂಬತ್ತನೆಯ ಬಾಟಲಿಯನ್ನು ತಂದುಕೊಟ್ಟನು. ಸುನಂದಾ ಪೇಟೆಗೆ ಹೋದ ಹೊತ್ತಿನಲ್ಲಿ ಚಮಚೆಯಿಂದ ಕುಡಿಸಿದೆನು. ಎರಡು ಚಮಚೆ ಇಳಿಯಿತು. ಉಳಿದಿದ್ದನ್ನು ನನಗೆ ಒಬ್ಬನೇ ಕುಡಿಯಲು ಆಗಲಿಲ್ಲ. ಪೇರಲ ಗಿಡದ ಬುಡಕ್ಕೆ ಹಾಕಿದೆನು. ಅವಳು 19-02-2021 ರಂದು ತೀರಿಕೊಂಡಳು. ಆಮೇಲೆ ಉಳಿದ ಮೂರು ಬಾಟಲಿಗಳ ವಿಷಯವನ್ನು ನಾನು ತೆಗೆಯಲಿಲ್ಲ, ಇಸಾಕನೂ ತೆಗೆಯಲಿಲ್ಲ.

ಮೊನ್ನೆ 12-12-2024 ರಂದು ಮುಂಜಾನೆ 9-00 ಗಂಟೆಗೆ ಇಸಾಕ ಫೋನ್ ಮಾಡಿದನು. ಮಗ ಆರಿಫ ಮನೆ ಹೊಸದಾಗಿ ಕಟ್ಟಿಸುತ್ತಿದ್ದು, ಸೋಮವಾರ ಹಗೇವನ್ನು ಮುಚ್ಚುತ್ತಾರೆ, ನಾನು ಮತ್ತು ಪೀರಬಿ ಜನವರಿ 9ಕ್ಕೆ ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗುವವರಿದ್ದೇವೆ, ಹೋಗುವ ಮೊದಲು ನಿನ್ನ ಅಮಾನತ ನಿನಗೆ ಮುಟ್ಟಿಸಬೇಕು ಶಂಕರಣ್ಣ ಅಂತಾ ಹೇಳಿದನು. ನಾನೇ ಬರುತ್ತೇನೆ ಅಂದೆನು. ನಿನ್ನ ಮೊಣಕಾಲು ಬಸ್ ಹತ್ತೂದಿಲ್ಲ, ನಾನ ಬರ್ತೇನಿ ಅಂತಾ ಅಂದನು.

ಇಂದು ಅವನು ಯಂಕಂಚಿಯಿಂದ 6-30ಕ್ಕೆ ಬಿಟ್ಟು, ಸಿಂದಗಿಯಲ್ಲಿ ಬಸ್ ಬದಲಿಸಿ, 9-50ಕ್ಕೆ ಇಲ್ಲಿ ಇಳಿದಿದ್ದಾನೆ. ಲೇಬಲ್ ಇಲ್ಲದ ಕಳ್ಳ ಮದ್ಯ ಬಸ್ಸಿನಲ್ಲಿ ಬರುತ್ತಿದೆ ಅಂತಾ ಮಹಿಳಾ ಸಂಘದವರು ಹೋದ ವಾರ ಅರ್ಜಿ ಕೊಟ್ಟಿದ್ದರಿಂದ ನಿಲ್ದಾಣದಲ್ಲಿ ಚೀಲಗಳ ತಪಾಸಣೆ ನಡೆದಿತ್ತು. ಅರ್ಜಿಗೆ ಸಹಿ ಮಾಡಿದವಳು ನನ್ನ ಮಗಳು ಸುನಂದಾ. ಬಾಟಲಿ ಯಾರವು ಅಂತಾ ಕೇಳಲಾಗಿ, ಇಸಾಕ ನನ್ನವಲ್ರಿ ಅಂತಾ ಮಾತ್ರ ಹೇಳಿ ಸುಮ್ಮನಾದನೆಂದು ತಿಳಿದುಬಂತು. 10-40ಕ್ಕೆ ಅವನನ್ನು ಠಾಣೆಗೆ ಕರೆತಂದಿದ್ದಾರೆ. ಅರ್ಜಿದಾರಳು ಅಂತಾ ಸುನಂದಾಳನ್ನೂ ಕರೆಯಿಸಿದ್ದಾರೆ. ಅವಳು ಒಳಗೆ ಬಂದು, ಇಸಾಕ ಕಾಕಾ, ನೀವ್ಯಾಕ ಇಲ್ಲಿ ಅಂತಾ ಕೇಳಿದಳಂತೆ.

ನಾನು ಮನೆಯಲ್ಲಿ ಚಹಾಕ್ಕೆ ಹಾಲು ಕಾಯಿಸಿ ದಾರಿ ನೋಡುತ್ತಿದ್ದೆನು. 12-00 ಗಂಟೆಗೆ ನಿಲ್ದಾಣದ ಹಣ್ಣಿನ ಅಂಗಡಿಯ ಮಂಜೂರ ಫೋನ್ ಮಾಡಿ ವಿಷಯ ತಿಳಿಸಿದನು. ಅಲ್ಲಿಂದ ಆಟೋದಲ್ಲಿ ಬಂದೆನು.

ಮಗಳು ಇಲ್ಲಿ ಇರುವುದನ್ನು ನೋಡಿ ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಂತೆನು. ಬಾಟಲಿ ನನ್ನವು ಅಂತಾ ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಪಿ.ಎಸ್.ಐ. ಸಾಹೇಬರು, ನಿಮ್ಮವೇ ಆಗಿದ್ದರೆ ಈ ಮನುಷ್ಯ ಒಂದೂವರೆ ತಾಸು ಯಾಕೆ ಬಾಯಿ ಬಿಡಲಿಲ್ಲ, ಇದರಲ್ಲಿ ಇನ್ನೂ ಏನೋ ಇದೆ ಅಂತಾ ಅಂದರು. ಅದಕ್ಕೆ ಇಸಾಕ, ನಾನು ಬಂದ ಮೇಲೆ ಮೊದಲನೆಯ ಸಲ ಬಾಯಿ ತೆರೆದು, ಇವನ ಹೆಸರು ಹೇಳಿದ್ರ ಮುಂದ ಇನ್ನೊಬ್ಬರ ಹೆಸರು ಬರ್ತೈತ್ರಿ, ಅವರು ಬಂದು ಹೌದು ಅಲ್ಲ ಅನ್ನಾಕ ಈಗ ಇಲ್ಲ ಅಂತಾ ಹೇಳಿದನು. ಉಮ್ರಾಕ್ಕೆ ಹೊರಟವನು, ಮಸೀದಿ ಕಮಿಟಿಯಲ್ಲಿ ಇರುವವನು, ಊರಿನವರು ಕಿಟಕಿಯಲ್ಲಿ ಇಣುಕುತ್ತಿರುವಾಗ ಮದ್ಯದ ಬಾಟಲಿಗಳ ಮಗ್ಗಲಿಗೆ ಕುಳಿತಿದ್ದನು. ಆಗ ನಾನು ಲಕ್ಕವ್ವಳ ಹೆಸರು ಸಹಿತ ಮೇಲೆ ಬರೆಸಿದ ಎಲ್ಲವನ್ನೂ ಮಗಳ ಎದುರಿಗೇ ಹೇಳಿದೆನು.

ಎಲ್ಲ ಕೇಳಿದ ಮೇಲೆ ಸುನಂದಾ, ಚಮಚೆಯಿಂದ ಕುಡಿಸಿದಾಗ ಅವ್ವ ಏನಂದಳು ಅಂತಾ ಕೇಳಿದಳು. ಗುರಣ್ಣಗ ಒಂದೀಟು ಇಡ್ರಿ ಅಂದಳು, ಅವನು ತೀರಿಕೊಂಡಿದ್ದು ಅವಳಿಗೆ ಆವತ್ತು ನೆನಪಿರಲಿಲ್ಲ ಅಂತಾ ಹೇಳಿದೆನು. ಸುನಂದಾ ಎದ್ದು ತನ್ನ ಕುರ್ಚಿಯನ್ನು ಇಸಾಕನ ಮಗ್ಗಲಿಗೆ ಎಳೆದುಕೊಂಡು ಕುಳಿತಳು. ತನ್ನ ಅರ್ಜಿ ಹಿಂದೆ ತೆಗೆದುಕೊಳ್ಳುವುದಿಲ್ಲ, ಕಳ್ಳ ಮದ್ಯ ತರುವವರನ್ನು ಹಿಡಿಯಲೇಬೇಕು, ಆದರೆ ಈ ಮನುಷ್ಯ ಅವರಲ್ಲಿ ಒಬ್ಬನಲ್ಲ ಅಂತಾ ತಾನೂ ಬರೆದುಕೊಡುವುದಾಗಿ ಸಾಹೇಬರಿಗೆ ಹೇಳಿದಳು.

ಬಾಟಲಿಗಳನ್ನು ಅಬಕಾರಿ ಇಲಾಖೆಗೆ ಕಳಿಸುವುದಾಗಿ, ಅವರ ವರದಿಯಂತೆ ನನ್ನ ಮೇಲೆ ಕ್ರಮ ಆಗಬಹುದೆಂದು ಸಾಹೇಬರು ತಿಳಿಸಿದರು. ಅದಕ್ಕೆ ನನ್ನ ಒಪ್ಪಿಗೆ ಇದೆ. ಇಸಾಕನ ಹೆಸರನ್ನು ಯಾವ ಕೇಸಿನಲ್ಲೂ ಸೇರಿಸಬಾರದೆಂದು ವಿನಂತಿ. 1-15ಕ್ಕೆ ಅವನನ್ನು ನಮಾಜಿಗೆ ಹೋಗಲು ಬಿಟ್ಟರು. ಸುನಂದಾ ಅವನ ಚೀಲ ಹಿಡಿದುಕೊಂಡು ಮೆಟ್ಟಿಲವರೆಗೆ ಹೋಗಿ ಬಂದಳು.

ಇಷ್ಟನ್ನು ರೈಟರ್ ಅವರು ನನಗೆ ಓದಿ ಕೇಳಿಸಿದರು. ನಾನು ಹೇಳಿದ ಹಾಗೆಯೇ ಇದೆ, ಹೆಚ್ಚು ಕಡಿಮೆ ಇಲ್ಲ. ಸಹಿಗೆ ಮೊದಲು ಸಾಹೇಬರು, ಬಾಟಲಿ ನಿಮ್ಮವು ಅನ್ನುವುದಕ್ಕೆ ಚೀಟಿ ಸಾಕು, ನಿಮ್ಮ ಹೆಂಡತಿಯ ಹೆಸರು ಬೇಡವಾದರೆ ಆ ಸಾಲುಗಳನ್ನು ತೆಗೆಸುತ್ತೇನೆ ಅಂತಾ ಹೇಳಿದರು. ನಾನು ಮಗಳ ಮುಖ ನೋಡಿದೆನು. ಅವಳು, ಇರ್ಲಿ ಬಿಡ್ರಿ, ಅವ್ವ ಅಲ್ಲಿ ಇದ್ದಳಲ್ಲ ಅಂತಾ ಹೇಳಿದಳು. ಆದ್ದರಿಂದ ಹಾಗೆಯೇ ಇಟ್ಟು ಸಹಿ ಮಾಡಿದ್ದೇನೆ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 14-12-2024, ಮಧ್ಯಾಹ್ನ 2-05 ಗಂಟೆ

(ಸಹಿ)
ಶಂಕರೆಪ್ಪ ಚನಮಲ್ಲಪ್ಪ ಕೋರವಾರ

ಓದುವಾಗ ಹಾಜರಿದ್ದವರು: (ಸಹಿ) ಸುನಂದಾ, ತಾಯಿ ಲಕ್ಕವ್ವ ಕೋರವಾರ