ಮಳೆಯ ಲೆಕ್ಕ, ಹೊಳೆಯ ಲೆಕ್ಕ

ಚುಂಚನಕಟ್ಟೆಯ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಕೂತು ರಾಚಮ್ಮ ಕನಕಾಂಬರ ಕಟ್ಟುತ್ತಿದ್ದಳು. ಜೊತೆಗೆ, ಮೈಸೂರಿಗೆ ಹೊರಟಿದ್ದ ಅವಳ ಅಣ್ಣನ ಮಗಳು ನಂದಿತಾ.

“ಆಪೀಸಲ್ಲಿ ಏನ್ಮಾಡ್ತೀಯೆ ನಂದಿತಾ?”

“ಮಳೆ ಲೆಕ್ಕದ ಕಂಪ್ಯೂಟರ್‌ನೂ ಹೊಳೆ ಲೆಕ್ಕದ್ದನ್ನೂ ಜೋಡಿಸ್ತೀವಿ ಅತ್ತೆ. ಮೇಲೆ ಮಳೆ ಬಿದ್ರೆ ಇಲ್ಲಿ ಯಾವಾಗ ನೀರೇರ್ತದೆ ಅಂತ ಮೊದ್ಲೇ ಗೊತ್ತಾಗ್ತದೆ.”

“ಇಷ್ಟು ದಿನ?”

“ಅದ್ರ ಪಾಡಿಗೆ ಅದು, ಇದ್ರ ಪಾಡಿಗೆ ಇದು.”

“ಮಾತು ಬುಟ್ಟ ವಾರಗಿತ್ತೀರಂಗಾ?”

ಹುಡುಗಿ ನಕ್ಕಳು. ರಾಚಮ್ಮನ ಬೆರಳು ನಿಂತವು.

“ನಿಮ್ಮಾವ ದಡದ ಪಂಪ್‌ಸೆಟ್ ಎತ್ತಕ್ಕೋಗಿ ಕೊಚ್ಕೊಂಡೋದ್ರಲ್ಲ, ಅವತ್ತು ಮಳೆ ಕಂಪ್ಯೂಟ್ರಿಗೆ ಗೊತ್ತಿತ್ತಾ?”

“…ಗೊತ್ತಿತ್ತು ಅತ್ತೆ.”

“ನಾನು ಹೊಳೇನೇ ಬಯ್ಕೊಂಡಿದ್ದೆ ಕಣವ್ವ. ಕೈ ಮುಗಿಯೋದೂ ಬುಟ್ಟಿದ್ದೆ.”

ಬಸ್ಸು ಬಂತು. ರಾಚಮ್ಮ ನಂದಿತಾಳಿಗೆ ಹೂ ಮುಡಿಸಿ ಹತ್ತಿಸಿದಳು. ಉಳಿದ ಒಂದು ಮೊಳವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮನೆಯ ದಾರಿ ಬಿಟ್ಟು ಹೊಳೆಯ ಮೆಟ್ಟಿಲ ಕಡೆಗೆ ನಡೆದಳು.