ಜೂರೀನಜ್ಜಿಯ ಕೈಯಲ್ಲಿ ಹುಟ್ಟಿದವರು

ಮೊಬೀಲ್ ಊರಿನ ಬಸ್ಸಿನಲ್ಲಿ, ಒಬ್ಬಳೇ ಕೂತಿದ್ದ ಒಡೆಸ್ಸಾ ಎಂಬ ಹೆಂಗಸಿನ ಮುಂದಿನ ಸೀಟಿನಲ್ಲಿ, ವಯಸ್ಸಾದ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ತೊಡೆಯ ಮೇಲೆ ಸೂಲಗಿತ್ತಿಯ ಹಳೆಯ ಚರ್ಮದ ಚೀಲವಿತ್ತು.

"ಅಕ್ಕಾ, ಈ ವರ್ಷಾನೂ ಚರ್ಚಲ್ಲಿ ಅಜ್ಜಿ ಕಥೆ ಮುಗಿಸಿ ಅದನ್ನೇ ಕೇಳ್ತೀಯಾ?"

"ಕೇಳ್ದೆ ಇರ್ತೀನಾ? ಆಸ್ಪತ್ರೆಯೋರು ನಮ್ಮ ಕರಿ ಹೆಂಗಸ್ರನ್ನ ಒಳಗೆ ಬಿಡದ ಕಾಲದಲ್ಲಿ ಹೆರಿಗೆ ಮಾಡಿಸ್ದೋಳು ಅಜ್ಜಿ. 'ಜೂರೀನಜ್ಜಿ ಕೈಲಿ ಹುಟ್ಟಿದೋರೆಲ್ಲ ಎದ್ದು ನಿಂತ್ಕೊಳ್ಳಿ' ಅಂತೀನಿ."

"ಮೊದಲ್ನೇ ವರ್ಷ ಅರ್ಧ ಚರ್ಚೇ ಎದ್ದಿತ್ತು. ಹೋದ್ವರ್ಷ ಇಬ್ರೇ. ಅವ್ರೂ ಈಗಿಲ್ಲ."

"ಗೊತ್ತು ಕಣೇ. ಹೊಟ್ಟೆ ಉರಿಸ್ಬೇಡ."

"ಯಾರೂ ಏಳ್ದಿದ್ರೆ? ನಾನಂತೂ ಆಸ್ಪತ್ರೇಲಿ ಹುಟ್ಟಿದೋಳು."

"ನಾನಿಲ್ವಾ? ನಾನೂ ಅವಳ ಕೈಲೇ ಹುಟ್ಟಿದ್ದು."

"ಕಥೆ ಹೇಳೋಳು ನೀನು, ಮೊದಲೇ ನಿಂತಿರ್ತೀಯ. ನೀನು ಎದ್ದಿದ್ದು ಯಾರಿಗೆ ಗೊತ್ತಾಗತ್ತೆ?"

ಅಕ್ಕ ನಗಲಿಲ್ಲ. ಚೀಲದ ಹಿಡಿ ಸವರುತ್ತಾ, "ಒಬ್ರಾದ್ರೂ ಏಳ್ಲಿ ಕಣೇ. ಅಜ್ಜಿ ಕೈ ಇನ್ನೂ ಬೆಚ್ಚಗಿದೆ ಅನ್ಸತ್ತೆ" ಎಂದಳು.

ಚರ್ಚಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು.

"ನೀನು ಜೂರೀನಜ್ಜಿ ಕೈಲಿ ಹುಟ್ಟಿದ ಕೂಸು" ಎಂದು ಒಡೆಸ್ಸಾಳ ತಾಯಿ ಸಾಯುವ ತನಕ ಹೇಳುತ್ತಿದ್ದಳು. ಅದನ್ನು ಆ ಅಕ್ಕತಂಗಿಯರಿಗೆ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿ ಬಸ್ಸು ಹೊರಟಿತು. ಅವಳ ಸ್ಟಾಪು ಇನ್ನೂ ದೂರವಿತ್ತು. ಆದರೂ ಒಡೆಸ್ಸಾ ಕಂಬಿ ಹಿಡಿದು ಎದ್ದು ನಿಂತಿದ್ದಳು.