ಐದು ಗಂಟೆಗೆ ಮೇಷ್ಟ್ರು ಮಾತಾಡ್ತಾರೆ

ಅಲ್ಲಾಡಬೇಡಿ ಮೇಷ್ಟ್ರೇ, ಅಲ್ಲಾಡಬೇಡಿ... ಹಾಂ, ಹೀಗೆ. ಬಾಯಿ ದೊಡ್ಡದಾಗಿ ತೆರೀರಿ. ಗ್ಯಾಲರಿಯಲ್ಲಿ ನಿಂತು ರೆಫ್ರಿಗೆ ಬೈಯೋವಾಗ ತೆರೀತೀರಲ್ಲ, ಅಷ್ಟು! ಮೂವತ್ತು ವರ್ಷದಿಂದ ಹಲ್ಲು ಕೀಳ್ತಿದೀನಿ, ನಿಮ್ಮಂಥ ಬಾಯಿ ನೋಡಿಲ್ಲ. ಯಾಕೆ ಹುಬ್ಬು ಗಂಟು ಹಾಕ್ತೀರಿ? ಹೊಗಳ್ತಿದೀನಿ ಸ್ವಾಮಿ!

ಅಲ್ಲ, ಹೋದ ತಿಂಗಳು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸಭೇಲಿ ಎದ್ದು ನಿಂತು ಎಷ್ಟು ಮಾತಾಡಿದ್ರಿ? ಹನ್ನೊಂದು ವಾಕ್ಯ. ನಾನು ಎಣಿಸಿದೀನಿ. ಮಾರನೇ ಬೆಳಗ್ಗೆ ಮ್ಯಾನೇಜರು ಗಂಟುಮೂಟೆ ಕಟ್ಟಿದ. ಹತ್ತೊಂಬತ್ತು ಮ್ಯಾಚು ಸೋತಾಗಲೂ ಕದಲದೇ ಇದ್ದ ಆಸಾಮಿ! ಮರಗಟ್ಟೋ ಇಂಜೆಕ್ಷನ್ನು, ಸ್ವಲ್ಪ ಚುರುಕ್ ಅನ್ನುತ್ತೆ... ಆಯ್ತು, ಆಯ್ತು. ಬಲಗಡೆ ಮುಗೀತು.

ಇನ್ನು ಎಡಗಡೆ. ಯಾಕೆ ಬೆರಳು ತೋರಿಸ್ತೀರಿ? ಗೊತ್ತು ಮೇಷ್ಟ್ರೇ, ನೋವಿರೋದು ಬಲಗಡೆ ಹಲ್ಲು. ಇದು... ಮುನ್ನೆಚ್ಚರಿಕೆ. ಡಾಕ್ಟರು ನೀವಾ, ನಾನಾ?

ಇವತ್ತು ಐದು ಗಂಟೆಗೆ ಹೊಸ ಮ್ಯಾನೇಜರನ್ನ ಆರಿಸಬೇಕು. ಯಾರು ಬಂದ್ರೆ ನನಗೇನು ಹೇಳಿ? ಟಿಕೆಟ್ ತಗೊಂಡು, ಕೂತು, ಗಂಟಲು ಹರಿದುಕೊಂಡು ಮನೆಗೆ ಹೋಗೋನು ನಾನು. ಆದರೂ... ಆ ಗೋಡೆ ಬೇಡ ಮೇಷ್ಟ್ರೇ. ನಮ್ಮ ಹಳೇ ಗೋಲ್‌ಕೀಪರಿಗೆ ಗೋಡೆ ಅಂತ ಹೆಸರಿಟ್ಟೋರು ಯಾರೋ ಮಹಾ ಬುದ್ಧಿವಂತರು. ನಿಂತ ಕಡೆ ನಿಂತೇ ಇರ್ತಿದ್ದ, ಬಾಲು ಪಕ್ಕದಿಂದ ಹೋಗ್ತಿತ್ತು! ನಗಬೇಡಿ, ಕೈಯಲ್ಲಿ ಇಕ್ಕಳ ಇದೆ. ನೀವು ಗೋಡೆ ಪಕ್ಷ ಅಂತ ಊರಿಗೇ ಗೊತ್ತು. ಹೋದ ಭಾನುವಾರ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ರಲ್ಲ.

ಇನ್ನೊಬ್ಬ ಇದಾನೆ, ಆ ಡ್ರಾ ಸಾಹೇಬ. ಹೆಸರು ಇಟ್ಟೋರೂ ನೀವೇ! ಪಾಪ, ಅವನು ತರಬೇತಿ ಕೊಡೋ ತಂಡ ಗೆಲ್ಲಲ್ಲ ನಿಜ. ಸೋಲೋದೂ ಇಲ್ವಲ್ಲ! ಹತ್ತೊಂಬತ್ತು ಸೋತ ನಮಗೆ ಡ್ರಾ ಅಂದ್ರೆ ಸಾಮಾನ್ಯವಾ? ಎಂಥ ತಲೆ ಅಂತೀರಿ ಅವನದು. ಬೆಳಗ್ಗೆ ಎದ್ದರೆ ಊಟದ ಮೇಜಿನ ಮೇಲೆ ಹತ್ತು ಚಮಚ, ಉಪ್ಪಿನ ಡಬ್ಬಿ ಗೋಲ್‌ಕೀಪರು. ಕಾಫಿಗೆ ಸಕ್ಕರೆ ಕಲಕೋಕೆ ಒಂದು ಚಮಚ ಎತ್ತಿದರೆ ‘ಡಿಫೆನ್ಸ್ ಹೋಯ್ತು’ ಅಂತ ಕೂಗ್ತಾನೆ...

ನನಗೆ ಹೇಗೆ ಗೊತ್ತು ಅಂತ ನೋಡ್ತಿದೀರಾ? ಹಾಗೇ... ಯಾರೋ ಹೇಳಿದ್ರು. ಬಂತು, ಬಂತು ಹಲ್ಲು... ನೋಡಿ! ಬೇರು ಸಮೇತ. ಈ ಹತ್ತಿ ಕಚ್ಚಿಕೊಳ್ಳಿ. ಗಟ್ಟಿಯಾಗಿ.

ಹಾಗೆ ನೋಡಬೇಡಿ ಅಂದೆ. ಸರಿ, ಹೌದು, ನಮ್ಮ ಅಳಿಯ! ಬಂಧುಗಳು ಹೆಸರು ಸೂಚಿಸೋ ಹಾಗಿಲ್ಲ ಅಂತ ನೀವು ನಿಯಮ ತಂದಿದೀರಿ, ನಾನು ಸೂಚಿಸ್ತಿಲ್ಲ. ಅವನ ಹೆಸರೆತ್ತೋಕೆ ಯಾರೋ ದೊಡ್ಡ ಮನುಷ್ಯರು ಒಪ್ಪಿದಾರಂತೆ. ಇಡೀ ಕ್ಲಬ್ಬಿಗೆ ಒಬ್ಬರೇ ಒಬ್ಬರು. ಯಾರಪ್ಪಾ ಅಂದ್ರೆ, ‘ಮಾವ, ಮಾತು ಕೊಟ್ಟಿದೀನಿ, ಹೇಳಲ್ಲ’ ಅಂತಾನೆ.

ಇದು ಆಗದಿದ್ರೆ ಭಾನುವಾರ ಮಗಳು, ಅಳಿಯ, ಮೊಮ್ಮಗಳು ಮೂರೂ ಜನ ಹೊರಡ್ತಾರೆ ಮೇಷ್ಟ್ರೇ. ಒಂದು ದಿನದ ರೈಲಿನ ದೂರ. ಅಲ್ಲಿ ಶೂ ಅಂಗಡೀಲಿ ಕೆಲಸ ಸಿಕ್ಕಿದೆ ಅವನಿಗೆ. ಮೊಮ್ಮಗಳು ದಿನಾ ಬೆಳಗ್ಗೆ ನನ್ನ ಬಾಯಿ ತೆಗೆಸಿ ಹಲ್ಲು ಎಣಿಸ್ತಾಳೆ. ಹದಿನಾಲ್ಕರ ಮೇಲೆ ಬರಲ್ಲ, ಮತ್ತೆ ಒಂದರಿಂದ ಶುರು. ಅವಳು ಹೋದ್ರೆ ಆ ಮನೇಲಿ ನಾನು ಏನು ಮಾಡ್ಲಿ?

ಅದಕ್ಕೇ... ಅದಕ್ಕೇ ಎಡಗಡೆನೂ ಕೊಟ್ಟೆ. ಸಾಕಾ? ಅವನ ಹೆಸರು ಬಂದ ಕೂಡಲೇ ನೀವು ಎದ್ದು ನಿಲ್ತೀರಿ, ಹನ್ನೊಂದು ವಾಕ್ಯ ಆಡ್ತೀರಿ, ಕಥೆ ಮುಗೀತು! ಒಂದೇ ಒಂದು ಸಂಜೆ ಸುಮ್ಮನಿರಿ ಮೇಷ್ಟ್ರೇ. ನಾಲಿಗೆ ಏಳಲ್ಲ, ತುಟಿ ಕೂಡಲ್ಲ, ರಾತ್ರಿ ಊಟದ ಹೊತ್ತಿಗೆ ಸರಿಹೋಗುತ್ತೆ. ಹೊಟ್ಟೆಗೆ ಹಾಕಿಕೊಳ್ಳಿ.

ಏನು ಅದು, ಜೇಬಿಂದ? ಹೊಡೀತೀರೇನೋ ಅಂದ್ಕೊಂಡೆ... ಕಾಗದ. ನನಗಾ? ಮೂರು ಪುಟ! ತಡೀರಿ, ಕನ್ನಡಕ... ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಬಿಡಿ.

‘ಸದಸ್ಯರೇ, ಈ ಹುಡುಗನಿಗೆ ಡ್ರಾ ಸಾಹೇಬ ಅಂತ ಹೆಸರಿಟ್ಟವನು ನಾನು. ತಪ್ಪು ನನ್ನದು. ಇವತ್ತು ಅವನ ಹೆಸರನ್ನು ನಾನೇ...’

ನಾನೇ... ಸೂಚಿಸ್ತೀನಿ?

ನೀವಾ?

ಮತ್ತೆ ಗೋಡೆ ಹೆಗಲ ಮೇಲೆ ಕೈ... ಸಮಾಧಾನ ಮಾಡ್ತಿದ್ರಾ ಅವನಿಗೆ? ಅಯ್ಯೋ! ತಲೆ ಅಲ್ಲಾಡಿಸಿ ಮೇಷ್ಟ್ರೇ, ಹೌದಾ ಅಲ್ವಾ... ಹೌದು.

ತಡೀರಿ, ತಡೀರಿ. ಇದನ್ನೇ ಯಾರಾದ್ರೂ ಓದಿದ್ರೆ? ಇಲ್ಲ. ಚೀಟಿ ನೋಡಿ ಓದೋ ಹಾಗಿಲ್ಲ, ಎದ್ದು ನಿಂತು ಬಾಯಲ್ಲೇ ಹೇಳಬೇಕು. ಆ ಕಾರ್ಯದರ್ಶಿ ಯಾರೋ ಬರೆದುಕೊಟ್ಟ ಭಾಷಣದಲ್ಲಿ ಒಂದೇ ಪುಟಾನ ಎರಡು ಸಲ ಓದಿದ ಮೇಲೆ ನೀವೇ ತಂದ ನಿಯಮ. ಮೊದಲು ಚಪ್ಪಾಳೆ ತಟ್ಟಿದೋನು ನಾನು! ಬಿಸಿನೀರು ಮುಕ್ಕಳಿಸಿ. ಕೆನ್ನೆ ಉಜ್ಜಿಕೊಳ್ಳಿ. ‘ಅ’ ಅನ್ನಿ. ‘ಮ’ ಅನ್ನಿ... ಅದು ‘ಮ’ ಅಲ್ಲ ಮೇಷ್ಟ್ರೇ. ನಾಲ್ಕೂ ಮುಕ್ಕಾಲು ಆಗಿದೆ.

ಎಲ್ಲಿ ತೋರಿಸ್ತಿದೀರಿ? ಎರಡನೇ ಪುಟನಾ? ಬೇಡ. ಸಾಕು ನನಗೆ. ಸರಿ, ಸರಿ, ಓದ್ತೀನಿ...

‘ಇವನ ಮಾವ ನಮ್ಮ ಹಲ್ಲಿನ ಡಾಕ್ಟರು ಅಂತ ನನಗೆ ಗೊತ್ತು. ಆದರೂ ಒಂದು ಮಾತಿನ ಸಹಾಯ ಕೇಳಿಕೊಂಡು ನನ್ನ ಹತ್ತಿರ ಬರಲಿಲ್ಲ ಅವರು. ಅಂಥ ನೇರ ಮನುಷ್ಯನ ಮನೆಯಲ್ಲಿ ಬೆಳಗ್ಗೆ ಸಂಜೆ ಕೂತು ಎದ್ದ ಹುಡುಗ...’

ಮೇಷ್ಟ್ರೇ.

ಬೈದುಬಿಡಿ ನನಗೆ. ಹನ್ನೊಂದು ವಾಕ್ಯ ಬೇಡ, ಒಂದೇ ಒಂದು ಮಾತು... ಹಾಗೆ ಸುಮ್ಮನೆ ಕೂರಬೇಡಿ, ಏನಾದರೂ ಅನ್ನಿ!